ಲೈಬ್ರರಿ ಕರ ನಿಮ್ಮದು, ಮಕ್ಕಳ ಮೂಲೆ ಯಾರದು?

ಗಾಂಧಿ ಬಜಾರಿನ ಅಂಗಡಿ ಮಾಲೀಕರೇ, ದುರ್ಗಿಗುಡಿಯ ಮನೆ ಯಜಮಾನರೇ, ಈ ಸಾಲಿನ ಕಂದಾಯ ಕಟ್ಟಿದ ರಸೀದಿ ಎಲ್ಲಿಟ್ಟಿದ್ದೀರಿ? ತಂತಿಗೆ ಚುಚ್ಚಿ ನೇತುಹಾಕಿದ್ದರೆ ಒಂದು ಗಳಿಗೆ ಕೆಳಗಿಳಿಸಿ ನೋಡಿ. ಆಸ್ತಿ ತೆರಿಗೆ ಅಂತ ಒಂದು ಮೊತ್ತ, ಅದರ ಕೆಳಗೆ ಬಾಲಂಗೋಚಿಯ ಹಾಗೆ ಒಂದಿಷ್ಟು ಕರ. ಭಿಕ್ಷುಕರ ಕರ ನೂರಕ್ಕೆ 3. ಗ್ರಂಥಾಲಯ ಕರ ನೂರಕ್ಕೆ 6. ಅಂದರೆ ಅಂಗಡಿಗೆ 5,000 ರೂಪಾಯಿ ತೆರಿಗೆ ಬಿದ್ದಿದ್ದರೆ 300 ರೂಪಾಯಿ ಲೈಬ್ರರಿಗೆ ಅಂತಲೇ ಹೋಗಿದೆ. ಕೊಡ್ತೀರೋ ಬಿಡ್ತೀರೋ ಅಂತ ಯಾರೂ ಕೇಳಿಲ್ಲ, ಕೇಳೋದೂ ಇಲ್ಲ. ಕಾನೂನು.

ಕೊಟ್ಟಿದ್ದು ಸರಿ. ತೆಗೆದುಕೊಂಡದ್ದು ಏನು? ನೀವು ಪೇಪರನ್ನು ಗಲ್ಲಾ ಪೆಟ್ಟಿಗೆಯ ಮೇಲೇ ಓದುತ್ತೀರಿ, ಲೈಬ್ರರಿಗೆ ಹೋಗುವ ಪುರುಸೊತ್ತು ನಿಮಗಿಲ್ಲ, ಒಪ್ಪೋಣ. ಆದರೆ ಐದನೇ ಕ್ಲಾಸಿನ ನಿಮ್ಮ ಮಗಳಿಗೆ, ಹೈಸ್ಕೂಲಿನ ನಿಮ್ಮ ಮಗನಿಗೆ ಆ 300 ರೂಪಾಯಿಯಿಂದ ಏನು ಸಿಕ್ಕಿತು? ಈ ವಾರದ ಅಂಕಣ ಅದರ ಬಗ್ಗೆ. ಕಟ್ಟಡದ ಬಗ್ಗೆ ಅಲ್ಲ, ಕಪಾಟಿನ ಬಗ್ಗೆಯೂ ಅಲ್ಲ. ಮಕ್ಕಳ ಕೈಗೆ ಪುಸ್ತಕ ಎತ್ತಿಕೊಡುವ ಆ ಒಬ್ಬ ಮನುಷ್ಯನ ಬಗ್ಗೆ. ಅವರಿಗೆ ಆ ಕೆಲಸ ಹೇಳಿಕೊಟ್ಟವರು ಯಾರು ಎಂಬುದರ ಬಗ್ಗೆ.

ಯಾವುದೇ ತಾಲೂಕಿನ ಲೈಬ್ರರಿಗೆ ಹೋಗಿ. ಮಕ್ಕಳ ವಿಭಾಗ ಅಂತ ಬೋರ್ಡು ಇದ್ದೇ ಇರುತ್ತದೆ. ಅದರ ಕೆಳಗಿನ ಬೆಂಚಿನಲ್ಲಿ ಯಾರಿರುತ್ತಾರೆ? ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವ ನಿರುದ್ಯೋಗಿ ಯುವಕರು. ಅವರನ್ನು ದೂರಿ ಫಲವಿಲ್ಲ, ಅವರಿಗೂ ಕೂರಲು ಜಾಗ ಬೇಕು. ಮಕ್ಕಳ ಪುಸ್ತಕ ಗಾಜಿನ ಬೀರುವಿನಲ್ಲಿ, ಬೀರುವಿಗೆ ಬೀಗ, ಬೀಗದ ಕೈ ಮೇಜಿನ ಡ್ರಾಯರಿನಲ್ಲಿ. ಹುಡುಗ ಬಂದು ಕತೆ ಪುಸ್ತಕ ಕೊಡಿ ಸಾರ್ ಅಂದರೆ, ಯಾವುದು ಬೇಕು ಅಂತ ಪ್ರಶ್ನೆ. ಯಾವುದು ಬೇಕು ಅಂತ ಗೊತ್ತಿದ್ದರೆ ಅವನು ಯಾಕೆ ಕೇಳುತ್ತಿದ್ದ? ಕೊನೆಗೆ ಕೈಗೆ ಸಿಕ್ಕಿದ್ದೊಂದು ಕೊಟ್ಟು ಕಳಿಸುವುದು. ಅದು ಅವನ ವಯಸ್ಸಿಗೆ ಮೀರಿದ್ದೋ, ಅವನ ತಂಗಿ ಓದುವಂಥದ್ದೋ ಆಗಿರುತ್ತದೆ. ಮುಂದಿನ ವಾರ ಹುಡುಗ ಬರುವುದಿಲ್ಲ. ಈಗಿನ ಮಕ್ಕಳಿಗೆ ಓದೋ ಹವ್ಯಾಸ ಇಲ್ಲ, ಬರೀ ಮೊಬೈಲು ಅಂತ ದೊಡ್ಡವರ ಭಾಷಣ.

ಎಲ್ಲ ಕಡೆಯೂ ಹೀಗೇ ಅಂತ ಹೇಳಿದರೆ ಅನ್ಯಾಯವಾದೀತು. ಸ್ವಂತ ಆಸಕ್ತಿಯಿಂದ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಓದಿ ಹೇಳುವ ಮೇಲ್ವಿಚಾರಕರೂ ಇದ್ದಾರೆ. ಆದರೆ ಅದು ಅವರ ಸ್ವಂತ ಗುಣ. ಸ್ವಂತ ಗುಣದ ಮೇಲೆ ಸರ್ಕಾರಿ ವ್ಯವಸ್ಥೆ ಎಷ್ಟು ದಿನ ನಡೆದೀತು? ಬಸ್ ಡ್ರೈವರ್ ಒಳ್ಳೆಯ ಮನುಷ್ಯ ಅಂತ ಲೈಸೆನ್ಸಿಲ್ಲದೆ ಸ್ಟೇರಿಂಗ್ ಕೊಡುತ್ತೇವೆಯೇ?

ರಂಗನಾಥನ್ ಹೇಳಿದ್ದು

ಲೈಬ್ರರಿ ವಿಷಯದಲ್ಲಿ ನಮ್ಮ ರಾಜ್ಯ ಹಿಂದುಳಿದದ್ದೇನಲ್ಲ. ಮದರಾಸು 1948ರಲ್ಲಿ, ಹೈದರಾಬಾದು 1955ರಲ್ಲಿ, ಆಂಧ್ರ 1960ರಲ್ಲಿ ಗ್ರಂಥಾಲಯ ಕಾಯಿದೆ ಮಾಡಿದವು. ಆಮೇಲೆ ನಾವೇ. ಆಗಿನ ಮೈಸೂರು ರಾಜ್ಯದ ಕಾಯಿದೆ 1965ರದು. ಕರ ಹಾಕಿ ಲೈಬ್ರರಿ ನಡೆಸಬೇಕು ಎಂಬ ಏರ್ಪಾಡು ಅದರದ್ದೇ.

ಈ ದೇಶದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ತಳಪಾಯ ಹಾಕಿದ ಎಸ್.ಆರ್. ರಂಗನಾಥನ್ ತಮಿಳುನಾಡಿನ ಶಿಯಾಳಿಯವರಾದರೂ ಕೊನೆಗಾಲ ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ತರಬೇತಿ ಮತ್ತು ಸಂಶೋಧನೆಯ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಗಣಿತದ ಮೇಷ್ಟ್ರಾಗಿದ್ದ ಅವರು 1931ರಲ್ಲಿ ಬರೆದ ಐದು ಸೂತ್ರ ಇವತ್ತಿಗೂ ಲೈಬ್ರರಿ ಪಾಠದ ಮೊದಲ ಪುಟ. ಅದರಲ್ಲಿ ಎರಡು ಈ ಮಾತಿಗೆ ಸಂಬಂಧಪಟ್ಟವು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಕೇಳಲು ಸುಲಭ. ದೊಡ್ಡವರ ವಿಷಯದಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಅವರಿಗೆ ಹುಡುಕಲು ಬರುತ್ತದೆ, ಬೇಕಾದ್ದು ಸಿಗದಿದ್ದರೆ ಜಗಳ ಆಡಲೂ ಬರುತ್ತದೆ. ಎಂಟು ವರ್ಷದ ಕೂಸಿಗೆ ಎರಡೂ ಬರುವುದಿಲ್ಲ. ಮಗುವನ್ನೂ ಬಲ್ಲ, ಪುಸ್ತಕವನ್ನೂ ಬಲ್ಲ ಒಬ್ಬರು ನಡುವೆ ನಿಲ್ಲಬೇಕು.

ಅದನ್ನು ಬೇರೆ ದೇಶದವರು ಬೇಗ ಅರ್ಥ ಮಾಡಿಕೊಂಡರು. ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಕಾರ್ನೆಗಿ ಲೈಬ್ರರಿ ಮಕ್ಕಳ ಗ್ರಂಥಪಾಲಕರಿಗೆಂದೇ ತರಬೇತಿ ಶಾಲೆ ತೆರೆದದ್ದು 1901ರಲ್ಲಿ. ಲೈಬ್ರರಿಗಳ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾ 2018ರಲ್ಲಿ ಹುಟ್ಟಿದ ಮಗುವಿನಿಂದ 18 ವರ್ಷದವರ ತನಕ ಲೈಬ್ರರಿ ಹೇಗೆ ಸೇವೆ ಕೊಡಬೇಕು ಅಂತ ಮಾರ್ಗಸೂಚಿ ಹೊರಡಿಸಿದೆ. ಅಲ್ಲಿ ಸಿಬ್ಬಂದಿಗೆ ಮಗುವಿನ ಬೆಳವಣಿಗೆ, ಮನಸ್ಸು, ಓದಿನ ಹಂತ ಇವೆಲ್ಲ ಗೊತ್ತಿರಬೇಕು ಎಂಬ ಮಾತು ಸ್ಪಷ್ಟವಾಗಿದೆ.

ನಮ್ಮಲ್ಲಿ? ಲೈಬ್ರರಿ ಶಾಸ್ತ್ರಕ್ಕೆ ಧಾರವಾಡವಿದೆ, ಮೈಸೂರಿದೆ, ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವೇ ಇದೆ. ಓದಿ ಬಂದವರು ವರ್ಗೀಕರಣ ಬಲ್ಲರು, ಸೂಚಿ ಬಲ್ಲರು, ಕಂಪ್ಯೂಟರ್ ಬಲ್ಲರು. ಅವರಲ್ಲಿ ಹೆಚ್ಚಿನವರು ಕಾಲೇಜು ಲೈಬ್ರರಿಗೆ ಹೋಗುತ್ತಾರೆ. ಪಠ್ಯದಲ್ಲಿ ಮಕ್ಕಳ ಗ್ರಂಥಾಲಯ ಒಂದು ಅಧ್ಯಾಯದಷ್ಟು ಬಂದರೆ ಹೆಚ್ಚು. ಪುಸ್ತಕದ ಬೆನ್ನಿಗೆ ನಂಬರ್ ಹಾಕುವುದು ಕಲಿತವರಿಗೆ, ಮಗುವಿನ ಮುಂದೆ ಪುಸ್ತಕ ಹೇಗೆ ಹಿಡಿಯಬೇಕು ಅಂತ ಯಾರೂ ಹೇಳಿರುವುದಿಲ್ಲ.

ಶಾಲೆಯ ಕತೆಯೂ ಕೇಳಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ, ಪ್ರತಿ ಶಾಲೆಗೂ ಪತ್ರಿಕೆ, ನಿಯತಕಾಲಿಕೆ, ಕತೆ ಪುಸ್ತಕ ಸೇರಿದಂತೆ ಎಲ್ಲ ವಿಷಯದ ಪುಸ್ತಕ ಇರುವ ಲೈಬ್ರರಿ ಇರಬೇಕು ಅಂತ ಇದೆ. ಇಷ್ಟು ಮಕ್ಕಳಿಗೆ ಇಷ್ಟು ಶಿಕ್ಷಕರು ಎಂಬ ಲೆಕ್ಕವೂ ಅದೇ ಅನುಸೂಚಿಯಲ್ಲಿದೆ. ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರ ಮಾತೂ ಇದೆ. ಲೈಬ್ರರಿ ನೋಡಿಕೊಳ್ಳುವವರ ಮಾತು ಮಾತ್ರ ಇಲ್ಲ! 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆ ಶಾಲೆಯ ದರ್ಜೆ ನೋಡಿ 5,000ದಿಂದ 20,000 ರೂಪಾಯಿ ತನಕ ಪುಸ್ತಕಕ್ಕೆ ಗೊತ್ತು ಮಾಡಿತು. ಪುಸ್ತಕ ಬಂತು. ಬಿಸಿಯೂಟದ ಲೆಕ್ಕ, ಶಾಲೆ ಲೆಕ್ಕ, ಚುನಾವಣೆ ಕೆಲಸದ ನಡುವೆ ಒಬ್ಬ ಮೇಷ್ಟ್ರ ತಲೆಗೆ ಅದನ್ನೂ ಕಟ್ಟಿದರು. ಪುಸ್ತಕ ಹರಿದರೆ ಕಳೆದರೆ ಅವರೇ ಜವಾಬ್ದಾರರು. ಅವರು ಬೀಗ ಹಾಕದೆ ಇನ್ನೇನು ಮಾಡುತ್ತಾರೆ?

ಹಳ್ಳಿಯಲ್ಲಿ ಹತ್ತಿದ ದೀಪ

ವಿಚಿತ್ರ ನೋಡಿ, ಪೇಟೆಯವರಿಗಿಂತ ಮೊದಲು ಈ ವಿಷಯದಲ್ಲಿ ಕಣ್ಣು ಬಿಟ್ಟದ್ದು ಹಳ್ಳಿ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಲೈಬ್ರರಿಗಳನ್ನು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. ಮಾರನೇ ವರ್ಷವೇ ಕೊರೋನಾ. ಶಾಲೆ ಬಾಗಿಲು ಹಾಕಿತು, ಮಕ್ಕಳು ಹೊಲ ಗದ್ದೆ ಪಾಲಾದರು. ಆಗ, 2020ರ ನವೆಂಬರ್ 14ರ ಮಕ್ಕಳ ದಿನ, ಓದುವ ಬೆಳಕು ಅಂತ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಲೈಬ್ರರಿಯಲ್ಲಿ ಪುಕ್ಕಟೆ ಸದಸ್ಯತ್ವ. ಠೇವಣಿ ಇಲ್ಲ, ಜಾಮೀನು ಇಲ್ಲ. ಅದುವರೆಗೆ ಹಿರಿಯರು ಪೇಪರ್ ತಿರುವಿ ಹಾಕಿ ಎದ್ದು ಹೋಗುತ್ತಿದ್ದ ಕೋಣೆಗೆ ಮಕ್ಕಳ ದಂಡು ಬಂತು. ಅರಿವು ಕೇಂದ್ರ ಅಂತ ಹೊಸ ಹೆಸರೂ ಬಂತು, ಗೋಡೆಗೆ ಬಣ್ಣ ಬಂತು, ಕಂಪ್ಯೂಟರೂ ಬಂತು.

ಆದರೆ ಈ ದಂಡನ್ನು ಎದುರುಗೊಂಡವರು ಯಾರು? ಗೌರವಧನದ ಮೇಲೆ ದುಡಿಯುವ ಮೇಲ್ವಿಚಾರಕರು. ನಿನ್ನೆವರೆಗೆ ಬಾಗಿಲು ತೆಗೆದು, ಪೇಪರ್ ಜೋಡಿಸಿ, ರಿಜಿಸ್ಟರಿಗೆ ಸಹಿ ಹಾಕಿಸಿದರೆ ಅವರ ಕೆಲಸ ಮುಗಿಯುತ್ತಿತ್ತು. ಈಗ ಒಮ್ಮೆಲೇ ಕತೆ ಹೇಳಿ, ಆಟ ಆಡಿಸಿ, ಕಂಪ್ಯೂಟರ್ ಕಲಿಸಿ ಅಂದರೆ? ಇಲಾಖೆ ಅವರಿಗೆ ಒಂದಿಷ್ಟು ತರಬೇತಿ ಕೊಟ್ಟಿತು, ಅದು ಮೆಚ್ಚಬೇಕಾದ್ದೇ. ಆದರೆ ಒಂದೆರಡು ದಿನ ಸಭಾಂಗಣದಲ್ಲಿ ಕೂರಿಸಿ ಊಟ ಹಾಕಿ ಕಳಿಸಿದರೆ ಈ ಕೆಲಸ ಬರುವುದಿಲ್ಲ. ಇದು ಕೈಕೆಲಸದ ಹಾಗೆ. ಬಟ್ಟೆ ಹೊಲಿಯುವವನು ಮೇಷ್ಟ್ರ ಪಕ್ಕ ಕೂತು ಕಾಜಾ ಮಾಡಿ ಮಾಡಿ ಕಲಿಯುವ ಹಾಗೆ, ಮಾಡಿ ನೋಡಿ, ತಪ್ಪಿ, ಮತ್ತೆ ಕೇಳಿ ಕಲಿಯಬೇಕು.

ಏನದು ಕಲಿಯುವಂಥದ್ದು ಅಂತ ಕೇಳುವವರಿದ್ದಾರೆ. ಕತೆ ಓದುವುದಕ್ಕೂ ಟ್ರೇನಿಂಗಾ ಸ್ವಾಮಿ ಅಂತ. ಹೌದು. ಚಿತ್ರದ ಪುಸ್ತಕ ತೆಗೆದುಕೊಳ್ಳಿ. ನಾವು ನೀವು ಓದಿದರೆ ಪುಸ್ತಕ ನಮ್ಮ ಮುಖಕ್ಕೆ ತಿರುಗಿರುತ್ತದೆ, ಮಕ್ಕಳಿಗೆ ಕಾಣುವುದು ಹಿಂದಿನ ರಟ್ಟು. ಪಳಗಿದವರು ಪುಸ್ತಕವನ್ನು ಮಗ್ಗುಲಿಗೆ ಹಿಡಿದು, ಚಿತ್ರ ಮಕ್ಕಳ ಕಡೆ ಮಾಡಿ, ತಾವು ಓರೆಗಣ್ಣಿನಲ್ಲಿ ಓದುತ್ತಾರೆ. ಅದಕ್ಕೆ ಮೊದಲೇ ಎರಡು ಸಲ ಓದಿಕೊಂಡಿರಬೇಕು. ಪುಟ ತಿರುಗಿಸುವ ಮುಂಚೆ ಒಂದು ಕ್ಷಣ ತಡೆದರೆ ಮಕ್ಕಳೇ ಮುಂದೇನಾಯ್ತು ಅಂತ ಊಹೆ ಮಾಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಪಾಠ: ಕತೆ ಮುಗಿದ ಮೇಲೆ ಈ ಕತೆಯ ನೀತಿ ಏನು, ನೀನು ಹೇಳು, ನೀನು ಎದ್ದು ನಿಲ್ಲು ಅಂತ ಪರೀಕ್ಷೆ ಮಾಡಬಾರದು. ನಮ್ಮವರ ಕೈ ಸುಮ್ಮನಿರುವುದಿಲ್ಲ, ಕೇಳಿಯೇ ಕೇಳುತ್ತಾರೆ. ಅಲ್ಲಿಗೆ ಲೈಬ್ರರಿಯೂ ಇನ್ನೊಂದು ಕ್ಲಾಸ್ ರೂಮು.

ಎರಡನೆಯದು, ಯಾವ ಪುಸ್ತಕ ಯಾವ ಮಗುವಿಗೆ. ಇದಕ್ಕೆ ಬೆಂಗಳೂರಿನ ಹಿಪ್ಪೋಕ್ಯಾಂಪಸ್ ಎಂಬ ಮಕ್ಕಳ ಲೈಬ್ರರಿಯವರು ಒಂದು ಸರಳ ಉಪಾಯ ಮಾಡಿದ್ದರು. ಪುಸ್ತಕವನ್ನು ಓದಿನ ಕಷ್ಟಕ್ಕೆ ತಕ್ಕಂತೆ ಆರು ಮೆಟ್ಟಿಲು ಮಾಡಿ ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ ಬಣ್ಣದ ಗುರುತು ಅಂಟಿಸುವುದು. ಹಸಿರಿನಲ್ಲಿ ಚಿತ್ರ ಜಾಸ್ತಿ, ಮಾತು ಕಮ್ಮಿ. ಹಳದಿಗೆ ಬರುವ ಹೊತ್ತಿಗೆ ಮಗು ತಾನೇ ಉದ್ದದ ಪುಸ್ತಕ ಓದುತ್ತದೆ. ಏಳನೇ ಕ್ಲಾಸಿನ ಹುಡುಗ ಕೆಂಪು ಮೆಟ್ಟಿಲಲ್ಲಿದ್ದರೆ ನಾಚಿಕೆಪಡಬೇಕಿಲ್ಲ, ಬಣ್ಣಕ್ಕೆ ಕ್ಲಾಸಿಲ್ಲವಲ್ಲ. ಇದಕ್ಕೆ ಬೇಕಾದ್ದು ಬಣ್ಣದ ಕಾಗದ, ಗೋಂದು, ಒಂದು ವಾರದ ತಾಳ್ಮೆ. ಕೋಟಿ ರೂಪಾಯಿ ಯೋಜನೆ ಏನಲ್ಲ.

ಮೂರನೆಯದು ಹೈಸ್ಕೂಲು, ಪಿಯುಸಿ ಮಕ್ಕಳು. ಇವರ ಗೋಳು ಹೇಳತೀರದು. ಸಾಗರದಿಂದ, ತೀರ್ಥಹಳ್ಳಿಯಿಂದ, ಭದ್ರಾವತಿಯಿಂದ ಬೆಳಗಿನ ಬಸ್ಸಿಗೆ ಜೋತುಬಿದ್ದು ಬರುವ ಹುಡುಗ ಹುಡುಗಿಯರನ್ನು ನೀವು ದಿನವೂ ನೋಡುತ್ತೀರಿ. ಸಂಜೆ ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ. ಮಕ್ಕಳ ವಿಭಾಗಕ್ಕೆ ಹೋದರೆ ಕಾಗಕ್ಕ ಗುಬ್ಬಕ್ಕ. ದೊಡ್ಡವರ ವಿಭಾಗಕ್ಕೆ ಹೋದರೆ ಸ್ಪರ್ಧಾತ್ಮಕ ಪರೀಕ್ಷೆ, ಇಲ್ಲವೆ ದಪ್ಪ ದಪ್ಪ ಕಾದಂಬರಿ. ಹದಿಮೂರರಿಂದ ಹದಿನೆಂಟರವರಿಗೆ ಅಂತ ಒಂದು ಅಡ್ಡೆ ಇಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯೇ ಗತಿ. ಮೈ ಬೆಳೆಯುವ ವಯಸ್ಸಿನ ಪ್ರಶ್ನೆ, ಮನೆಯಲ್ಲಿ ಕೇಳಲಾಗದ ಪ್ರಶ್ನೆ, ಮುಂದೆ ಯಾವ ಕೆಲಸ ಯಾವ ಕೋರ್ಸು ಎಂಬ ಪ್ರಶ್ನೆ, ಇವೆಲ್ಲಕ್ಕೂ ಪುಸ್ತಕ ಇವೆ. ಹಲ್ಲು ಕಿರಿಯದೆ, ಬೈಯದೆ, ಅದನ್ನು ಎತ್ತಿಕೊಡುವವರು ಬೇಕು. ಇದಂತೂ ಕಲಿಯದೆ ಬರುವ ವಿದ್ಯೆಯಲ್ಲ.

ಇನ್ನು ಕಳೆದುಹೋಗುವ ಭಯ. ಬೀಗದ ಮೂಲ ಇದೇ. ಸ್ಟಾಕ್ ತಪಾಸಣೆಗೆ ಬಂದವರು ಪುಸ್ತಕ ಕಮ್ಮಿ ಅಂದರೆ ಸಂಬಳದಲ್ಲಿ ಹಿಡಿಯುತ್ತಾರೆ ಎಂಬ ಹೆದರಿಕೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮದಲ್ಲಿ ಇದಕ್ಕೊಂದು ಉತ್ತರ ಇದೆ. ವರ್ಷಕ್ಕೆ ಎರವಲು ಕೊಟ್ಟ, ನೋಡಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ. ಮೋಸವಾಗಲಿ ಅಲಕ್ಷ್ಯವಾಗಲಿ ಇರಬಾರದು, ಅಷ್ಟೇ. ಸಾವಿರ ರೂಪಾಯಿ ಮೀರಿದ ಪುಸ್ತಕ, ಅಪರೂಪದ ಪುಸ್ತಕವಾದರೆ ಮಾತ್ರ ವಿಚಾರಣೆ. ಇದು ಕೇಂದ್ರದ ಕಚೇರಿಗಳ ನಿಯಮ, ನಿಜ. ಆದರೆ ಪುಸ್ತಕ ಸವೆಯುವ ವಸ್ತು ಅಂತ ಸರ್ಕಾರವೇ ಒಪ್ಪಿದ ಮೇಲೆ ಪಂಚಾಯಿತಿ ಮೇಲ್ವಿಚಾರಕರಿಗೂ ಅಂಥದ್ದೊಂದು ಅಭಯ ಬರೆದುಕೊಟ್ಟರೆ ಏನು ಗಂಟು ಹೋಗುತ್ತದೆ? ಕಿರಾಣಿ ಅಂಗಡಿಯಲ್ಲಿ ಅಕ್ಕಿ ಅಳೆಯುವಾಗ ನೆಲಕ್ಕೆ ಬಿದ್ದದ್ದಕ್ಕೆ ಆಳಿನ ಸಂಬಳ ಹಿಡಿಯುವ ಶೆಟ್ಟರು ನಮ್ಮ ಬಜಾರಿನಲ್ಲಿ ಇರಲಾರರು.

ಸಾಮಾನು ಇದೆ, ದಾರಿ ತೋರುವವರಿಲ್ಲ

ಕನ್ನಡದಲ್ಲಿ ಮಕ್ಕಳ ಪುಸ್ತಕವೇ ಇಲ್ಲ ಎಂಬುದು ಇನ್ನೊಂದು ರೆಡಿಮೇಡ್ ಮಾತು. ನಮ್ಮ ಜಿಲ್ಲೆಯಲ್ಲಿ ನಿಂತು ಇದನ್ನು ಹೇಳುವುದು ನಾಚಿಕೆಗೇಡು. ಬ್ರೌನಿಂಗನ ಇಂಗ್ಲಿಷ್ ಪದ್ಯದ ಆಧಾರದ ಮೇಲೆ ಬೊಮ್ಮನಹಳ್ಳಿಯ ಕಿಂದರಿಜೋಗಿ ಬರೆದ ಕುವೆಂಪು ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯವರು. ಮುಳುಗಡೆಯ ಊರಿಗೆ ಬಂದವರು ಎಂಬ ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ನಾ. ಡಿಸೋಜಾ ಸಾಗರದವರು, 2025ರ ಜನವರಿಯಲ್ಲಿ ತೀರಿಕೊಂಡರು. ಆ ಪುರಸ್ಕಾರ 2010ರಲ್ಲಿ ಶುರುವಾಯಿತು. ಕನ್ನಡಕ್ಕೆ ಬಂದವುಗಳ ಪಟ್ಟಿ ಒಂದು ಹಾಳೆಯಲ್ಲಿ ಬರೆದು ಎಲ್ಲ ಲೈಬ್ರರಿಯ ಗೋಡೆಗೆ ಅಂಟಿಸಿದರೆ ಅದೇ ಒಂದು ಕೊಳ್ಳುವ ಪಟ್ಟಿಯಾಯಿತು. ಅಷ್ಟೂ ಮಾಡಿದವರನ್ನು ನಾನು ಕಾಣೆ.

ಚಂದಮಾಮ ನಿಂತು ಹತ್ತು ವರ್ಷದ ಮೇಲಾಯಿತು. ಕ್ಷೌರದಂಗಡಿಯಲ್ಲಿ ಸರದಿ ಕಾಯುತ್ತ ಬೇತಾಳನ ಕತೆ ಓದಿದ ತಲೆಮಾರಿಗೆ ಆ ಸಂಕಟ ಗೊತ್ತು. ಆದರೆ ಅಳುತ್ತ ಕೂತರೆ ಇರುವುದೂ ಕಾಣುವುದಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಬಾಲವಿಜ್ಞಾನ ಪತ್ರಿಕೆ ತಂದಿತು. ನವಕರ್ನಾಟಕದವರ ವಿಜ್ಞಾನದ ಪುಸ್ತಕಗಳಿವೆ. ನ್ಯಾಷನಲ್ ಬುಕ್ ಟ್ರಸ್ಟ್ ಚಿತ್ರದ ಪುಸ್ತಕಗಳನ್ನು ಕನ್ನಡದಲ್ಲಿ ಕಮ್ಮಿ ಬೆಲೆಗೆ ಕೊಡುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ತಾಣದಲ್ಲಿ ಕನ್ನಡ ಕತೆಗಳು ಪುಕ್ಕಟೆ. ಓದಬಹುದು, ಇಳಿಸಿಕೊಳ್ಳಬಹುದು, ಝೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ ಪಿನ್ನು ಹೊಡೆದು ಮಕ್ಕಳ ಕೈಗೂ ಕೊಡಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಅಲ್ಲಿಯ ಕತೆಗಳಿಗೂ ಮೆಟ್ಟಿಲು ಗುರುತಿದೆ. ಅರಿವು ಕೇಂದ್ರದ ಕಂಪ್ಯೂಟರಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇಕೆ? ಮಕ್ಕಳ ವಿಭಾಗ ಮಾಡಲು ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಸಹಾಯಧನವೂ ಉಂಟು. ಅದು ಹುಟ್ಟಿದ್ದು 1972ರಲ್ಲಿ. ಅರ್ಜಿ ಬರೆಯುವವರು ಬೇಕು.

ತರಬೇತಿಗೂ ದಾರಿ ಇಲ್ಲದಿಲ್ಲ. ಟಾಟಾ ಟ್ರಸ್ಟಿನ ಪರಾಗ್ ಎಂಬ ಕಾರ್ಯಕ್ರಮದವರು ಮಕ್ಕಳ ಲೈಬ್ರರಿ ನಡೆಸುವವರಿಗೆಂದೇ ಕೆಲವು ತಿಂಗಳ ಕೋರ್ಸು ಮಾಡುತ್ತ ಬಂದಿದ್ದಾರೆ. ಕೆಲಸ ಬಿಡಬೇಕಿಲ್ಲ. ನಡುನಡುವೆ ಕೆಲವು ದಿನ ಒಟ್ಟಿಗೆ ಸೇರಿ ಕಲಿಯುವುದು, ಉಳಿದ ದಿನ ತಮ್ಮ ಲೈಬ್ರರಿಯಲ್ಲೇ ಮಾಡಿ ನೋಡುವುದು. ಅದು ನಡೆದು ಬಂದದ್ದು ಹಿಂದಿ, ಇಂಗ್ಲಿಷಿನಲ್ಲಿ. ಸೊರಬ, ಹೊಸನಗರದ ಮೇಲ್ವಿಚಾರಕರಿಗೆ ಅದು ದೂರದ ಬೆಟ್ಟವೇ. ಆದರೆ ಅದರ ರೀತಿ ಕಲಿತು ಕನ್ನಡದಲ್ಲಿ ನಮ್ಮ ಏಳು ತಾಲೂಕಿಗೆ ಅಳವಡಿಸುವುದು ಏನು ಕಷ್ಟ? ಶಂಕರಘಟ್ಟದವರು ಪಾಠ ಹೇಳಲಿ, ಓದಿ ಹೇಳುವುದರಲ್ಲಿ ಪಳಗಿದ ಮೇಲ್ವಿಚಾರಕರೇ ಉಳಿದವರಿಗೆ ತೋರಿಸಿಕೊಡಲಿ. ತಿಂಗಳಿಗೊಂದು ದಿನ, ತಾಲೂಕಿಗೊಂದು ಕಡೆ. ಬಸ್ ಚಾರ್ಜು, ಮಧ್ಯಾಹ್ನದ ಊಟ, ಹೋದ ದಿನದ ಗೌರವಧನ ಕಟ್ ಮಾಡುವುದಿಲ್ಲ ಎಂಬ ಒಂದು ಆದೇಶ. ಖರ್ಚು ಇಷ್ಟೇ.

ದುಡ್ಡು ಎಲ್ಲಿಂದ ಎಂದು ಅಧಿಕಾರಿಗಳು ಕೇಳುತ್ತಾರೆ. ಅದಕ್ಕೇ ರಸೀದಿ ಕೆಳಗಿಳಿಸಿ ಅಂದದ್ದು. ಪೇಟೆಯಲ್ಲಿ ನಮ್ಮಿಂದ ವಸೂಲಾದ ಗ್ರಂಥಾಲಯ ಕರವನ್ನು ಊರಾಡಳಿತ ಗ್ರಂಥಾಲಯ ಇಲಾಖೆಗೆ ಕಟ್ಟಬೇಕು. ಕಟ್ಟದೆ ಬಾಕಿ ಇಡುವುದು ರಾಜ್ಯದಲ್ಲಿ ಹಳೆಯ ರೋಗ. ಬೆಂಗಳೂರು ಮಹಾನಗರ ಪಾಲಿಕೆಯ ಬಾಕಿಯೇ ನೂರಾರು ಕೋಟಿ ಮುಟ್ಟಿದ್ದು ಪೇಪರಿನಲ್ಲೆಲ್ಲ ಬಂದಿತ್ತು. ನಮ್ಮ ಊರಿನ ಲೆಕ್ಕ ಹೇಗಿದೆಯೋ, ಅದನ್ನು ಊಹೆಯಿಂದ ಬರೆಯುವುದು ಸರಿಯಲ್ಲ. ಕೇಳಿ ತಿಳಿಯಬಹುದು.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಒಂದು ಅರ್ಜಿ ಪಾಲಿಕೆಗೆ: ಹೋದ ಮೂರು ವರ್ಷ ಗ್ರಂಥಾಲಯ ಕರ ಎಂದು ವಸೂಲಾದದ್ದು ಎಷ್ಟು, ಇಲಾಖೆಗೆ ಕಟ್ಟಿದ್ದು ಎಷ್ಟು? ಇನ್ನೊಂದು ಗ್ರಂಥಾಲಯ ಇಲಾಖೆಗೆ: ಅದರಲ್ಲಿ ಮಕ್ಕಳ ಪುಸ್ತಕಕ್ಕೆ ಎಷ್ಟು, ಮಕ್ಕಳ ವಿಭಾಗ ನೋಡುವ ಸಿಬ್ಬಂದಿಯ ತರಬೇತಿಗೆ ಎಷ್ಟು ದಿನ, ಎಷ್ಟು ರೂಪಾಯಿ? ಮೂರನೆಯದು, ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವವರು ತಮ್ಮ ಪಂಚಾಯಿತಿಗೆ ಹಾಕಲಿ, ಪ್ರಶ್ನೆ ಅದೇ. ಉತ್ತರ ಬಂದರೆ ಒಂದು ಪ್ರತಿ ನಮ್ಮ ಕಚೇರಿಗೂ ತಲುಪಿಸಿ, ಅಂಕಿ ಸಮೇತ ಇದೇ ಅಂಕಣದಲ್ಲಿ ಹಾಕುತ್ತೇವೆ. ಬಾರದಿದ್ದರೆ, ಬರಲಿಲ್ಲ ಅಂತಲೂ ಹಾಕುತ್ತೇವೆ.